ಖಾಲಿ ಬಾಟಲಿಗಳನ್ನು ನಂಬಿದ ರಾತ್ರಿ

ಮರುಭೂಮಿಯೇ ಬೇಕೆಂದು ಹಟ ಹಿಡಿದವರು ಮಾಸ್ತರರು. ಅವರ ಮಗಳು ಅಮೆರಿಕದ ಫೋರ್ಟ್ ಮಿಲ್‌ನಲ್ಲಿದ್ದ ಡಾಕ್ಟರು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನನ್ನ ಆಫೀಸಿಗೆ ಫೋನ್ ಮಾಡಿದಳು.

"ಆಂಟಿ, ನಮ್ಮಪ್ಪಾಗ ನಯಾಗರಾ ಬ್ಯಾಡಂತರಿ. ಡಿಸ್ನಿ ಅಂತೂ ಹೆಸರೇ ಎತ್ತಬ್ಯಾಡ ಅಂತಾನ. ಡೆಸರ್ಟ್ ಬೇಕಂತ, ಅದೂ ಟೂರಿಸ್ಟ್ಸ್ ಹೋಗದ ಕಡೆ. ಯು ಟಾಕ್ ಟು ಹಿಮ್, ಪ್ಲೀಸ್."

ಸುವಾನಿ ಊರಿನ ಹತ್ತಿರ ಒಂದು ಪ್ಲಾಜಾದಲ್ಲಿ, ಡ್ರೈಕ್ಲೀನರ್‌ಗೂ ಡೋನಟ್ ಅಂಗಡಿಗೂ ನಡುವೆ ನಮ್ಮ ಟ್ರಾವೆಲ್ ಆಫೀಸ್ ಇತ್ತು. ಬೇಸಿಗೆಗೆ ಊರಿನಿಂದ ಬರುವ ತಂದೆತಾಯಂದಿರನ್ನು ಸುತ್ತಾಡಿಸಿಕೊಂಡು ಬರುವುದು ನನ್ನ ಕೆಲಸ. ಮಕ್ಕಳಿಗೆ ರಜೆ ಇರುತ್ತಿರಲಿಲ್ಲ, ನನಗೆ ಕನ್ನಡವೂ ಇಂಗ್ಲಿಷೂ ಬರುತ್ತಿತ್ತು, ಇಷ್ಟೇ ನನ್ನ ಕ್ವಾಲಿಫಿಕೇಷನ್. ಆಗ ನನಗೆ ಐವತ್ತಾರು. ಈಗ ಮೊಣಕಾಲು ಹಿಡಿದುಕೊಂಡು ಕಿಟಕಿಯ ಬಳಿ ಕೂತು ಬರೆಯುತ್ತಿರುವ ಈ ಮುದುಕಿಗೆ ಆ ವಯಸ್ಸು ಎಷ್ಟು ಎಳೆಯದೆನಿಸುತ್ತದೆ!

ಮಾಸ್ತರರು ಫೋನಿಗೆ ಬಂದರು. ಗದಗಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು.

"ಮೇಡಂ, ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಚುಕ್ಕಿ ಇಟ್ಟು ಇಟ್ಟು ಮರುಭೂಮಿ ಕಲಿಸೇನ್ರಿ. ಒಮ್ಮೆರ ಆ ಚುಕ್ಕಿಯೊಳಗ ನಿಂದರಬೇಕು. ರಾತ್ರಿ. ಸುತ್ತಮುತ್ತ ಒಂದು ಲೈಟ್ ಸುದ್ದಾ ಕಾಣಬಾರದು."

ಅವರ ದನಿಯಲ್ಲಿದ್ದ ಆಸೆ ನನ್ನನ್ನು ಕೆಡಿಸಿತು. ನೆವಾಡಾ ರಾಜ್ಯದ ನಡುಭಾಗದ ನಕ್ಷೆ ತರಿಸಿದೆ. ಅಲ್ಲಿನ ಮೋಟೆಲ್ ಒಂದರ ಕ್ಲಾರ್ಕ್ ನನಗೆ ಒಬ್ಬ ಡ್ರೈವರನ್ನು ಗೊತ್ತುಮಾಡಿಕೊಟ್ಟಳು. ಇಪ್ಪತ್ತೆರಡು ವರ್ಷ ಅದೇ ಕೌಂಟಿಯ ಮಣ್ಣುರಸ್ತೆಗಳನ್ನು ಕೆರೆದು ಸಮ ಮಾಡುವ ಗ್ರೇಡರ್ ಯಂತ್ರ ನಡೆಸಿದವನು ಅವನು. ಪ್ರತಿ ತಿರುವನ್ನೂ ತಾನೇ ಕೆರೆದವನಿಗಿಂತ ಒಳ್ಳೆಯ ಗೈಡ್ ಯಾರು? ಆಗಸ್ಟ್‌ನಲ್ಲಿ ಹಗಲು ಹೋಗುವ ಮಾತೇ ಬೇಡ ಎಂದ ಅವನು. ಸಂಜೆ ಏಳಕ್ಕೆ ಮೋಟೆಲ್ ಬಿಟ್ಟು, ಎರಡು ಬೆಟ್ಟಸಾಲು ದಾಟಿ, ಹನ್ನೆರಡರ ಹೊತ್ತಿಗೆ ಒಣಗಿಹೋದ ಒಂದು ಕೆರೆಯ ಬಯಲು ತಲುಪಬೇಕು. ಅಲ್ಲಿ ಎರಡು ಮೂರು ಗಂಟೆ ಇದ್ದು, ಬಿಸಿಲು ಏರುವ ಮೊದಲು ವಾಪಸ್.

ನಾನು ಲಿಸ್ಟ್ ಮಾಡುವವಳು. ವ್ಯಾನಿನ ಕೊನೆಯ ಸೀಟು ಬಿಚ್ಚಿಸಿ ಆ ಜಾಗದಲ್ಲಿ ಇಪ್ಪತ್ತು ಗ್ಯಾಲನ್ ನೀರು. ಎರಡು ಸ್ಪೇರ್ ಚಕ್ರ. ಮರಳಿನಲ್ಲಿ ಜ್ಯಾಕ್ ಹೂತುಹೋಗದ ಹಾಗೆ ಅದರಡಿ ಇಡಲು ಒಂದು ಹಲಗೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಡದಿರಲೆಂದು ಟಾರ್ಚುಗಳಿಗೆ ಕೆಂಪು ಸೆಲೊಫೇನ್ ಕಾಗದ. ಆ ರಸ್ತೆಗಳಲ್ಲಿ ಬೋರ್ಡುಗಳಿಲ್ಲ, ಆದ್ದರಿಂದ ಪ್ರತಿ ಕವಲಿನಲ್ಲೂ ಎಷ್ಟು ಮೈಲಿ ಆಯಿತೆಂದು ಬರೆದುಕೊಳ್ಳಲು ಒಂದು ನೋಟ್‌ಬುಕ್. ಬೆಳಿಗ್ಗೆ ಹತ್ತಕ್ಕೆ ನಾವು ಬರದಿದ್ದರೆ ಅಲ್ಲಿನ ಪೊಲೀಸ್ ಅಧಿಕಾರಿ ಶೆರಿಫ್‌ಗೆ ಫೋನ್ ಮಾಡಬೇಕೆಂದು ಕ್ಲಾರ್ಕ್ ಕೈಗೆ ಒಂದು ಚೀಟಿ.

ಎಲ್ಲಕ್ಕಿಂತ ನನಗೆ ಹೆಮ್ಮೆ ಇದ್ದದ್ದು ವಾಟರ್ ಶೀಟ್ ಬಗ್ಗೆ. ತಲೆಗೆ ಒಂದೂವರೆ ಗಂಟೆಗೊಂದು ಲೀಟರ್ ಬಾಟಲಿ. ಪ್ರತಿ ಬಾಟಲಿಯ ಮೇಲೂ ಟೇಪ್ ಅಂಟಿಸಿ ಹೆಸರು. ಖಾಲಿಯಾದದ್ದನ್ನು ನನಗೆ ಒಪ್ಪಿಸಬೇಕು, ನಾನು ಟಿಕ್ ಹಾಕಬೇಕು. ಬಾಯಾರಿಕೆಯಾಗುವ ತನಕ ಕಾಯಬೇಡಿ, ಆ ಒಣಹವೆಯಲ್ಲಿ ಬೆವರಿದ್ದೂ ಗೊತ್ತಾಗುವುದಿಲ್ಲ ಎಂದು ಹೊರಡುವ ಮುಂಚೆ ಫೋರ್ಟ್ ಮಿಲ್‌ನಲ್ಲಿ ಡಾಕ್ಟರ್ ಮಗಳ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಆರು ಜನ: ಮಾಸ್ತರರು ಮತ್ತು ಅವರ ಹೆಂಡತಿ, ರಾಲಿಯಲ್ಲಿ ಮಗಳ ಮನೆಗೆ ಬಂದಿದ್ದ ಬೆಂಗಳೂರಿನ ಬ್ಯಾಂಕ್ ಮ್ಯಾನೇಜರ್ ದಂಪತಿ, ಮೇರಿಲ್ಯಾಂಡಿನಿಂದ ಬಂದ ಇಬ್ಬರು ಅಕ್ಕತಂಗಿ. ಗಂಡಸರಿಬ್ಬರೂ ಹಾವಿನ ಬಗ್ಗೆ, ಟೈರಿನ ಬಗ್ಗೆ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಹೆಂಗಸರು ನಾಲ್ವರೂ ತಲೆಯಾಡಿಸಿದರು, ಒಂದು ಪ್ರಶ್ನೆಯೂ ಬರಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಡಾಕ್ಟರ್ ಮಗಳು ಬಾಗಿಲ ತನಕ ಬಂದಳು. "ಆಂಟಿ, ಅವ್ವಾಗ ಬಿಪಿ ಗುಳಿಗಿ ನಡದಾವರಿ, ವಾಟರ್ ಪಿಲ್. ಆ ಗುಳಿಗಿ ಮೈಯಾಗಿನ ನೀರು ಹೊರಗ ಹಾಕ್ತದ. ನೀರು ಕುಡದಾಳಿಲ್ಲೋ ನೋಡ್ಕೋರಿ."

"ಶೀಟ್ ಇದೆಯಲ್ಲಮ್ಮ, ಡೋಂಟ್ ವರಿ," ಎಂದೆ.

ಬೆಳಗಿನ ವಿಮಾನದಲ್ಲಿ ಲಾಸ್ ವೇಗಸ್ ತಲುಪಿ, ಅಲ್ಲಿಂದ ಮಧ್ಯಾಹ್ನವೆಲ್ಲ ಉತ್ತರಕ್ಕೆ ಪ್ರಯಾಣ ಮಾಡಿ ಮೋಟೆಲ್‌ಗೆ ಬಂದೆವು. ಆಗಲೇ ಬಾಟಲಿಗಳು ಶುರುವಾಗಿದ್ದವು. ಸಂಜೆ ಡಾಂಬರು ಮುಗಿದು ಜಲ್ಲಿರಸ್ತೆ ಬಂತು. ಡ್ರೈವರ್ ಇಳಿದು ನಾಲ್ಕೂ ಚಕ್ರದ ಗಾಳಿಯನ್ನು ಒಂದಿಷ್ಟು ಬಿಟ್ಟ. ಗಾಳಿ ಕಡಿಮೆಯಾದರೆ ಚಕ್ರ ಕಲ್ಲನ್ನು ಅಪ್ಪಿಕೊಂಡು ಹೋಗುತ್ತದಂತೆ. ಆಮೇಲೆ ಟೋಪಿ ತೆಗೆದು ಬಯಲಿನತ್ತ ಕೈ ಬೀಸಿ, "ಲೇಡೀಸ್ ಅಂಡ್ ಜೆಂಟಲ್‌ಮೆನ್, ದ ಹೋಲ್ ವ್ಯಾಲಿ ಈಸ್ ಯುವರ್ ರೆಸ್ಟ್‌ರೂಮ್!" ಎಂದ. ಗಂಡಸರು ನಕ್ಕು, ಹತ್ತು ಹೆಜ್ಜೆ ಹೋಗಿ, ಬೆನ್ನು ತಿರುಗಿಸಿ ನಿಂತರು. ಆ ಬಯಲಿನಲ್ಲಿ ಮೊಣಕಾಲಿಗಿಂತ ಎತ್ತರದ ಒಂದು ಗಿಡ ಇರಲಿಲ್ಲ.

ರಾತ್ರಿ ಒಂಬತ್ತರ ಸ್ಟಾಪಿನಲ್ಲಿ ಡ್ರೈವರ್‌ಗೆ ವ್ಯಾನಿನ ಹಿಂದೆ ನೆಲ ಒದ್ದೆಯಾಗಿರುವುದು ಕಾಣಿಸಿತು. ಏನಾದರೂ ಸೋರುತ್ತಿದೆಯೇ? ಅವನು ಅಂಗಾತ ಮಲಗಿ ವ್ಯಾನಿನ ಅಡಿಗೆ ತೂರಿದ, ಹೋಸ್‌ಗಳನ್ನು ಒಂದೊಂದಾಗಿ ಮುಟ್ಟಿದ, ಟಾರ್ಚ್ ಹಿಡಿದು ಟ್ಯಾಂಕಿನ ಕೆಳಗೆ ನೋಡಿದ. ಇಪ್ಪತ್ತು ನಿಮಿಷ ಹೋಯಿತು. ಏನೂ ಸಿಗಲಿಲ್ಲ. ಹೆಂಗಸರು ನಾಲ್ವರೂ ಸಾಲಾಗಿ ನಿಂತು ನಕ್ಷತ್ರ ನೋಡುತ್ತಿದ್ದರು.

ಒಣಕೆರೆ ತಲುಪಿದಾಗ ಹನ್ನೆರಡೂವರೆ. ಎಂಜಿನ್ ಆಫ್ ಮಾಡಿದ ಮೇಲೆ ಬಂದ ನಿಶ್ಶಬ್ದ ಎಂಥದೆಂದರೆ ನನ್ನ ಕಿವಿಯಲ್ಲಿ ನನ್ನದೇ ರಕ್ತ ಓಡುವುದು ಕೇಳಿಸಿತು. ಬಿರುಕುಬಿಟ್ಟ ಬಿಳಿಯ ನೆಲ, ಅದರ ಅಂಚಿನವರೆಗೂ ಇಳಿದುಬಂದ ಚುಕ್ಕಿಗಳು. ಮಾಸ್ತರರು ಚಪ್ಪಲಿ ಬಿಟ್ಟು, ದೇವಸ್ಥಾನದೊಳಗೆ ಕಾಲಿಡುವವರಂತೆ ಒಬ್ಬರೇ ನಡೆದು ಹೋದರು. ನೂರು ಗಜ ದೂರದಲ್ಲಿ ಅವರ ಬಿಳಿ ಅಂಗಿ ನಿಂತೇ ಇತ್ತು.

ಅವರ ಹೆಂಡತಿ ಮಡಚುವ ಕುರ್ಚಿಯಲ್ಲಿ ಕೂತಿದ್ದರು. "ಅಕ್ಕಾವ್ರೇ, ಹೇಗಿದೆ?" ಎಂದು ಕೇಳಿದೆ.

"ಒಲಿ ಮ್ಯಾಲೆ ಹಾಲಿಟ್ಟು ಬಂದೇನಿ. ಉಕ್ಕತಾವ ನೋಡು. ಶಾಂತಾ, ಲಗೂ ಹೋಗು," ಎಂದರು.

ನನ್ನ ಹೆಸರು ಶಾಂತಾ ಅಲ್ಲ. ಶಾಂತಾ ಅವರ ತಂಗಿ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಅವರ ಮೀನಖಂಡ ಕಲ್ಲಿನಂತೆ ಸೆಟೆದುಕೊಂಡು, ಕಾಲು ಹಿಡಿದು ನರಳತೊಡಗಿದರು.

ಡ್ರೈವರ್ ಬಂದು ಮಂಡಿಯೂರಿದ. ಕಾಡಿನ ಬೆಂಕಿ ಆರಿಸುವ ತಂಡದಲ್ಲಿ ಕೆಲಸ ಮಾಡಿ ಫಸ್ಟ್ ಏಡ್ ಕಲಿತವನು. ಅವರ ಕೈ ಹಿಂಭಾಗದ ಚರ್ಮವನ್ನು ಚಿವುಟಿ ಬಿಟ್ಟ. ಅದು ಟೆಂಟಿನ ಹಾಗೆ ಎದ್ದು ನಿಂತಿತು. "ನೀರಿಲ್ಲದೆ ಒಣಗಿದ್ದಾರೆ ಅನಿಸುತ್ತೆ. ಆದರೆ ವಯಸ್ಸಾದವರ ಚರ್ಮವನ್ನು ನಂಬುವ ಹಾಗಿಲ್ಲ. ಎಷ್ಟು ನೀರು ಕುಡಿದಿದ್ದಾರೆ?" ಎಂದು ಕೇಳಿದ.

ಶೀಟ್ ತೋರಿಸಿದೆ. ಮಧ್ಯಾಹ್ನದಿಂದ ಏಳು ಟಿಕ್. ಏಳು ಲೀಟರ್.

ಅವನ ಮುಖ ಬದಲಾಯಿತು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇದು. ಇಷ್ಟು ಸಣ್ಣ ಮೈಗೆ ಏಳು ಲೀಟರ್ ಬರೀ ನೀರು ಹೋಗಿದ್ದರೆ ರಕ್ತದಲ್ಲಿನ ಉಪ್ಪು ತೆಳುವಾಗಿ ತಲೆ ಹೀಗೇ ಕೆಡುತ್ತದೆ, ತನ್ನ ತಂಡದ ಒಬ್ಬ ಹುಡುಗನಿಗೆ ಹೀಗೆ ಆದದ್ದನ್ನು ನೋಡಿದ್ದಾನೆ. ಅಂಥವರಿಗೆ ಇನ್ನೂ ನೀರು ಕೊಟ್ಟರೆ ಕೊಂದ ಹಾಗೆ. ಆಗ ಕಾಯುವಂತಿಲ್ಲ, ಮುಂದಿನ ಊರಿನ ಕ್ಲಿನಿಕ್‌ಗೆ ಓಡಬೇಕು. ಇಪ್ಪತ್ತೈದು ಮೈಲಿ. ಆದರೆ ನಡುವೆ ಒಂದು ಹಳ್ಳ, ಹೋದ ವಾರದ ಮಳೆಗೆ ಅದರ ದಂಡೆ ಕುಸಿದಿದೆ. ಕತ್ತಲಲ್ಲಿ ಏಳು ಜನರನ್ನು ಕೂರಿಸಿಕೊಂಡು ಇಳಿಸಿದರೆ ವ್ಯಾನ್ ಮಗುಚಲೂಬಹುದು. ಎಲ್ಲೂ ನಿಲ್ಲದೆ ಹಿಂದಕ್ಕೆ ಹೋದರೂ ಮೂರೂವರೆ ಗಂಟೆ. ಬರೀ ಒಣಗಿದ್ದರೆ ಮಾತ್ರ ಇಲ್ಲೇ ಉಪ್ಪು ಸಕ್ಕರೆ ನೀರು ಕೊಟ್ಟು ಉಳಿಸಿಕೊಳ್ಳಬಹುದು.

"ಸೋ," ಎಂದ, "ಹೌ ಶೂರ್ ಆರ್ ಯು ಆಫ್ ದಟ್ ಶೀಟ್?"

ಸಹಾಯ ಕೇಳಲು ವ್ಯಾನಿನ ವೈರ್‌ಲೆಸ್ ರೇಡಿಯೋ ಹಚ್ಚಿ ನೋಡಿದೆವು. ಬೆಟ್ಟಗಳ ನಡುವೆ ಬರೀ ಗೊರಗೊರ.

ನಾನು ಹೆಂಗಸರ ಹತ್ತಿರ ಹೋದೆ. ಮಾಸ್ತರರೂ ಓಡಿಬಂದಿದ್ದರು. "ಅಕ್ಕ ನೀರು ಸರಿಯಾಗಿ ತೊಗೊಂಡಿದ್ದಾರೆ ತಾನೆ?" ಎಂದು ಕೇಳಿದೆ. ಎಂಥ ಪ್ರಶ್ನೆ! ಹೌದು ಎಂಬ ಉತ್ತರವನ್ನು ನಾನೇ ಅದರೊಳಗೆ ಇಟ್ಟುಕೊಟ್ಟಿದ್ದೆ. "ತೊಗೊಂಡ್ರು," ಎಂದರು ಬ್ಯಾಂಕಿನವರ ಹೆಂಡತಿ, ನೆಲ ನೋಡುತ್ತಾ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ನನಗೆ ಒದ್ದೆ ನೆಲ ನೆನಪಾಯಿತು. ಅದಕ್ಕಿಂತ ಮುಖ್ಯವಾದ ಇನ್ನೊಂದೂ ನೆನಪಾಯಿತು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಫೋರ್ಕ್ ಹಿಡಿಯುವುದನ್ನು ಕಲಿಸಿದರು, ಕವಿತೆ ಕಲಿಸಿದರು, ಆದರೆ ಆ ಒಂದು ವಿಷಯಕ್ಕೆ ಒಂದು ಮಾತನ್ನೂ ಕಲಿಸಲಿಲ್ಲ. "ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್?" ಅದೂ ಗಂಟೆ ಹೊಡೆಯುವ ತನಕ ತಡೆದುಕೊಳ್ಳಲಾಗದವರು ಮಾತ್ರ. ಹೊರಗೆ ಹೊರಟ ದಿನ ನೀರು ಕುಡಿಯುವುದನ್ನೇ ಬಿಡುವುದು ನನಗೆ ಉಸಿರಾಟದಷ್ಟು ಸಹಜವಾಗಿತ್ತು.

ನನ್ನ ಚೀಲ ತೆರೆದು, ಹೆಸರು ಅಂಟಿಸಿದ ಎರಡು ತುಂಬಿದ ಬಾಟಲಿಗಳನ್ನು ತೆಗೆದು ವ್ಯಾನಿನ ಮುಂದೆ ನೆಲದ ಮೇಲಿಟ್ಟೆ. ಹೆಡ್‌ಲೈಟ್ ಹಾಕಲು ಡ್ರೈವರ್‌ಗೆ ಹೇಳಿದೆ.

"ಇದು ನನ್ನದು," ಎಂದೆ. ಗಂಡಸರೂ ಕೇಳುವಂತೆಯೇ. "ಬೆಳಿಗ್ಗೆ ಕಾಫಿ ಕುಡಿದವಳು ನಾನು, ಆಮೇಲೆ ಗಂಟಲು ಒದ್ದೆ ಮಾಡಿಕೊಂಡಿದ್ದಷ್ಟೇ. ಶೀಟಿನಲ್ಲಿ ನನ್ನ ಹೆಸರಿನ ಮುಂದೆ ಟಿಕ್ ನಾನೇ ಹಾಕಿಕೊಂಡೆ. ಯಾಕೆ ಅಂದ್ರೆ, ಕುಡಿದರೆ ಉಚ್ಚೆಗೆ ಹೋಗಬೇಕು. ಎಲ್ಲಿಗೆ ಹೋಗಲಿ? ಯಾರನ್ನ ವ್ಯಾನ್ ನಿಲ್ಲಿಸಿ ಅಂತ ಕೇಳಲಿ? ನಾಚಿಕೆ. ಈಗ ನೀವು ಹೇಳಿ. ನಿಜ ಹೇಳದಿದ್ರೆ ಅಕ್ಕ ಉಳಿಯಲ್ಲ."

ಮೊದಲು ಬಾಯಿ ಬಿಟ್ಟವರು ಬ್ಯಾಂಕಿನವರ ಹೆಂಡತಿ.

"ನಾವೂ ಕುಡಿದಿಲ್ಲ ಕಣ್ರೀ. ವ್ಯಾನ್ ನಿಂತಾಗೆಲ್ಲ ಹಿಂದುಗಡೆ ಚೆಲ್ಲಿಬಿಟ್ವಿ. ಬರೀ ಮಣ್ಣಿಗೆ ಚೆಲ್ಲೋದು ಪಾಪ ಅಂತ ಹುಡುಕಿ ಹುಡುಕಿ ಗಿಡಕ್ಕೆ ಹಾಕಿದ್ವಿ. ನಾವಾದ್ರೂ ವಿಮಾನದಲ್ಲಿ ಜ್ಯೂಸ್ ಕುಡಿದ್ವಿ. ಇವರು ನಿನ್ನೆ ರಾತ್ರಿಯಿಂದ ಏನೂ ಇಲ್ಲ."

"ಎಂಥಾ ಮಾತರಿ!" ಎಂದರು ಮಾಸ್ತರರು. "ಗದಗಿನಿಂದ ಬೆಂಗಳೂರಿಗೆ ಎಷ್ಟು ಸರ್ತಿ ಬಸ್ಸಿನ್ಯಾಗ ಹೋಗೀವಿ. ಒಂದು ದಿನಾ ಏನೂ ಆಗಿದ್ದಿಲ್ಲ."

"ಬಸ್ ಹತ್ತೋ ಹಿಂದಿನ ದಿನದಿಂದಲೇ ನಾವು ನೀರು ಬಿಡ್ತೀವಿ ಸಾರ್. ಇಷ್ಟು ವರ್ಷ ಸಂಸಾರ ಮಾಡಿದೀರಿ, ಗೊತ್ತಿಲ್ವಾ?"

ಮಾಸ್ತರರು ಬ್ಯಾಂಕಿನವರತ್ತ ನೋಡಿದರು. ಬ್ಯಾಂಕಿನವರು ಬಯಲಿನ ಕಡೆ ತಿರುಗಿ ಕೆಮ್ಮಿದರು.

ಡ್ರೈವರ್‌ಗೆ ಹೇಳಿದೆ: ಶೀಟ್ ಸುಳ್ಳು, ಏಳು ಲೀಟರಲ್ಲ, ಸೊನ್ನೆ. ಇಲ್ಲೇ ಉಳಿಯುತ್ತೇವೆ. ಅವನು ಬೈಯಬಹುದಿತ್ತು. "ದಟ್ಸ್ ದ ಬೆಸ್ಟ್ ನ್ಯೂಸ್ ಐ ಹ್ಯಾವ್ ಹರ್ಡ್ ಟುನೈಟ್," ಎಂದು ಚಾಪೆ ಹಾಸಿದ.

ಆಮೇಲೆ ಕೆಲಸ. ಅಕ್ಕತಂಗಿಯರ ಕಾಫಿ ಡಬ್ಬಿಯಿಂದ ಸಕ್ಕರೆ ಬಂತು, ಬ್ಯಾಂಕಿನವರ ಹೆಂಡತಿ ಸೌತೆಕಾಯಿಗೆಂದು ತಂದ ಪೊಟ್ಟಣದಿಂದ ಉಪ್ಪು. ಒಂದು ಲೀಟರಿಗೆ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚದ ಮೇಲೆ ಕಾಳು ಹೆಚ್ಚಾದರೂ ಬ್ಯಾಂಕಿನವರ ಹೆಂಡತಿ ಬೆರಳಿನಿಂದ ತಳ್ಳಿಹಾಕುತ್ತಿದ್ದರು. ಕಾಲ ಕೆಳಗೆ ಎರಡು ಚೀಲ ಇಟ್ಟು ಎತ್ತರಿಸಿದೆವು. ನಾನು ವಾಚ್ ನೋಡಿಕೊಂಡು ನಿಮಿಷಕ್ಕೊಂದು ಚಮಚ ಕುಡಿಸಿದೆ. ಹದಿನೈದನೆಯ ಚಮಚಕ್ಕೆ ಅಷ್ಟೂ ವಾಂತಿಯಾಯಿತು. ಹತ್ತು ನಿಮಿಷ ಬಿಟ್ಟು, ಎರಡು ನಿಮಿಷಕ್ಕೊಂದರಂತೆ ಮತ್ತೆ ಮೊದಲಿನಿಂದ. ಮಾಸ್ತರರು ಸೆಟೆದ ಮೀನಖಂಡವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದರು. ಅವರಿಗೆ ಬೇಕಾಗಿದ್ದ ಆಕಾಶ ತಲೆಯ ಮೇಲೆ ಹಾಗೇ ಇತ್ತು. ಒಮ್ಮೆಯೂ ತಲೆ ಎತ್ತಲಿಲ್ಲ.

ಚಮಚಗಳ ನಡುವೆ ನಾವು ಉಳಿದ ಹೆಂಗಸರೂ ಬಾಟಲಿ ಎತ್ತಿ ಗಟಗಟ ಕುಡಿದೆವು. ಈಗ ನಾಚುವುದಕ್ಕೆ ಉಳಿದದ್ದಾದರೂ ಏನು?

ಮೂರರ ಹೊತ್ತಿಗೆ ಕಾಲು ಸಡಿಲವಾಯಿತು. ಮೂರೂವರೆಗೆ ಕಣ್ಣು ಬಿಟ್ಟು, ಚಮಚವನ್ನು ಕೈಯಿಂದ ಸರಿಸಿ, "ಇದನ್ನ ಯಾರು ಮಾಡ್ಯಾರವಾ? ಉಪ್ಪು ಜಾಸ್ತಿ ಆಗೇದ," ಎಂದರು.

ನಾನು ಅತ್ತುಬಿಟ್ಟೆ. ಲೀಡರ್ ಅಳಬಾರದು, ಆದರೂ.

ಡ್ರೈವರ್ ಇನ್ನೂ ಒಪ್ಪಲಿಲ್ಲ. ಮೂತ್ರ ಬರುವ ತನಕ ಗಾಡಿ ಎತ್ತುವುದಿಲ್ಲ, ಬಂದರೆ ಕಿಡ್ನಿ ಕೆಲಸ ಮಾಡುತ್ತಿದೆ ಎಂದರ್ಥ. ಐದರೊಳಗೆ ಬರದಿದ್ದರೆ ಬೆಳಕಿನಲ್ಲಿ ಆ ಹಳ್ಳವನ್ನೇ ದಾಟೋಣ ಎಂದ.

ನಾಲ್ಕೂಮುಕ್ಕಾಲು. ಮೇರಿಲ್ಯಾಂಡಿನ ಅಕ್ಕ ಹೊದೆಯಲು ತಂದಿದ್ದ ಹಳೆಯ ಕಾಟನ್ ಸೀರೆಯ ಒಂದು ತುದಿಯನ್ನು ವ್ಯಾನಿನ ಹಿಂಬಾಗಿಲಿಗೆ ಕಟ್ಟಿದೆವು. ಇನ್ನೊಂದು ತುದಿಗೆ ಕಟ್ಟಲು ಏನೂ ಇರಲಿಲ್ಲ. ನಾನು ಹಿಡಿಯಲು ಹೋದೆ. "ಕೊಡ್ರಿ ಇಲ್ಲೆ," ಎಂದು ಮಾಸ್ತರರು ಸೀರೆಯ ಸೆರಗನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆನ್ನು ತಿರುಗಿಸಿ, ತೋಳು ಚಾಚಿ ನಿಂತರು. ಬ್ಯಾಂಕಿನವರ ಹೆಂಡತಿ ಮಾಸ್ತರರ ಹೆಂಡತಿಯ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು.

ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಒಂದು ನಿಮಿಷ. ಎರಡು. ಏನೂ ಇಲ್ಲ.

ಒಳಗಿನಿಂದ ಸಣ್ಣ ದನಿ ಬಂತು. "ಎಲ್ಲಾರೂ ಹಿಂಗ ಸುಮ್ಮ ನಿಂತ್ರ ನನಗ ಹೆಂಗ ಆಗಬೇಕು? ಏನರ ಮಾತಾಡ್ರಿ."

ಏನು ಮಾತಾಡುವುದು? ಮಾಸ್ತರರು ಗಂಟಲು ಸರಿಮಾಡಿಕೊಂಡರು. ಕತ್ತಲಿಗೆ ಮುಖ ಮಾಡಿ, ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಶುರುಮಾಡಿದರು: "ಮರುಭೂಮಿಗಳು ಎರಡು ಪ್ರಕಾರ. ಒಂದು ಉಷ್ಣ ಮರುಭೂಮಿ. ಇನ್ನೊಂದು ಶೀತ ಮರುಭೂಮಿ. ಮಳೆ ತರುವ ಗಾಳಿಯನ್ನು ಪರ್ವತಗಳು ತಡೆದಾಗ, ಅವುಗಳ ಮರೆಯಲ್ಲಿ..."

ಪಾಠ ನಿಲ್ಲಲಿಲ್ಲ. ಬ್ಯಾಂಕಿನವರು ಒಳ್ಳೆಯ ವಿದ್ಯಾರ್ಥಿಯಂತೆ "ಹೂಂ, ಹೂಂ" ಎನ್ನುತ್ತಿದ್ದರು. ಮಳೆನೆರಳು ಮುಗಿದು ಮರಳುದಿಬ್ಬಗಳಿಗೆ ಬರುವ ಹೊತ್ತಿಗೆ ಸೀರೆಯ ಆಚೆಯಿಂದ ಕೇಳಿಬಂತು.

"ಆತು."

ದೂರದಲ್ಲಿ ನಿಂತಿದ್ದ ಡ್ರೈವರ್ ನನ್ನತ್ತ ನೋಡಿದ. "ಶಿ ಡಿಡ್!" ಎಂದು ಕೂಗಿದೆ. ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

ಹೊರಟೆವು. ಬಂದ ದಾರಿಯಲ್ಲೇ, ನಿಧಾನವಾಗಿ. ಮೋಟೆಲ್ ತಲುಪಿದ ಮೇಲೆ ಡಾಕ್ಟರ್ ಮಗಳಿಗೆ ಫೋನ್ ಮಾಡಿ, ಏನನ್ನೂ ಮುಚ್ಚಿಡದೆ, ನನ್ನ ಟಿಕ್‌ಗಳ ಸಮೇತ ಹೇಳಿದೆ. ಮೊದಲು ಕೂಗಾಡಿದಳು, ಅದು ನ್ಯಾಯವೇ. ಆಮೇಲೆ ದನಿ ತಗ್ಗಿಸಿ, "ನಾನೂ ರೆಸಿಡೆನ್ಸಿಯೊಳಗ ಹಂಗ ಮಾಡೇನ್ರಿ ಆಂಟಿ. ಹದಿನಾಲ್ಕು ತಾಸಿನ ಡ್ಯೂಟಿ, ನೀರು ಬಿಟ್ಟು," ಎಂದಳು. ಆಫೀಸಿಗೆ ಮರಳಿ ಶೀಟಿನಿಂದ ನೀರಿನ ಕಾಲಮ್ ತೆಗೆದುಹಾಕಿದೆ. ಅದರ ಜಾಗದಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಹೆಂಗಸರಿಗಾಗಿ ವ್ಯಾನ್ ನಿಲ್ಲುತ್ತದೆ, ಪರದೆ ಯಾರ ಹತ್ತಿರ ಇದೆ ಎಂಬುದನ್ನು ಬರೆದೆ. ನೀರು ತಾನಾಗಿ ಖಾಲಿಯಾಗತೊಡಗಿತು.

ಆದರೆ ನಾನು ಹೇಳಬೇಕೆಂದಿರುವುದು ಆ ಬೆಳಗಿನ ದಾರಿಯ ಬಗ್ಗೆ. ಆರು ದಾಟಿರಬೇಕು. ಬೆಟ್ಟಗಳ ತುದಿ ಕೆಂಪಾಗುತ್ತಿತ್ತು, ನಮ್ಮಲ್ಲಿ ಅರ್ಧ ಜನ ನಿದ್ದೆಯಲ್ಲಿದ್ದರು. ಹಿಂದಿನ ಸೀಟಿನಿಂದ ಮಾಸ್ತರರ ಹೆಂಡತಿ, ಪಲ್ಯಕ್ಕೆ ಕೊತ್ತಂಬರಿ ತನ್ನಿ ಎನ್ನುವಷ್ಟು ಸರಾಗವಾಗಿ ಹೇಳಿದರು:

"ಗಾಡಿ ನಿಂದರಸಂತ ಹೇಳ್ರಿ ಅವಂಗ. ನನಗ ಮತ್ತ ಹೋಗಬೇಕು."

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಮಾಸ್ತರರು ಮುಂದಕ್ಕೆ ಬಾಗಿ ಡ್ರೈವರನ ಭುಜ ತಟ್ಟಿದರು.

"ಸರ್, ಸ್ಟಾಪ್ ಪ್ಲೀಸ್. ಮೈ ವೈಫ್ ಹ್ಯಾಸ್ ಟು ಪಾಸ್ ಯೂರಿನ್."

ವ್ಯಾನ್ ನಿಂತಿತು. ಎಲ್ಲರಿಗಿಂತ ಮೊದಲು ಅವರೇ ಇಳಿದರು, ಕಂಕುಳಲ್ಲಿ ಸೀರೆ ಇರುಕಿಕೊಂಡು. ಅವರ ಹಿಂದೆ ಹೆಂಡತಿ. ಅವರ ಹಿಂದೆ ನಾವು ನಾಲ್ವರೂ.